ಒಂದು ರಾಗಿ ತಳಿಗೆ ಎಷ್ಟು ವರ್ಷ?



ಇಂದು ನಿಮ್ಮ ಮನೆಯಲ್ಲಿ ರಾಗಿ ಮುದ್ದೆ ಮಾಡಿದ್ದರೇ? ರಾಗಿ ರೊಟ್ಟಿ, ಅಂಬಲಿ ಇಲ್ಲವೇ ಮಾಲ್ಟ್ ಆದರೂ ನೀವು ಸವಿದಿರಬಹುದು. 2024ರಲ್ಲಿ ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುವ ಕಾರ್ಯಕ್ರಮ ಆರಂಭವಾಯಿತು. "ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ" ಎಂಬ ಗಾದೆಯನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದೀರಲ್ಲವೇ? ಅದರಲ್ಲಿ ಹುರುಳಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಇರುತ್ತದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಇರುವುದು ಸುಮಾರು 10 ಮಿಲಿಗ್ರಾಂ ಮಾತ್ರ. ಮೂಳೆ, ಹಲ್ಲು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕೇ ಬೇಕು.

ಈಗ ಒಂದು ಪ್ರಶ್ನೆ. ನಿಮ್ಮ ತಟ್ಟೆಯ ಮುದ್ದೆಗೆ ಯಾರು ಯಾರು ದುಡಿದಿದ್ದಾರೆ? ಮುದ್ದೆ ತೊಳಸಿದವರು ಅಮ್ಮ. ಹಿಟ್ಟು ಮಾಡಿದ್ದು ಗಿರಣಿಯವರು. ಬಿತ್ತಿ, ಕಳೆ ತೆಗೆದು, ಕೊಯ್ದು, ಒಕ್ಕಣೆ ಮಾಡಿದ್ದು ರೈತರು. ಪಟ್ಟಿ ಮುಗಿಯಿತೇ? ಇಲ್ಲ. ಇನ್ನೂ ಒಬ್ಬರಿದ್ದಾರೆ. ರೈತರು ಬಿತ್ತಿದ ಆ ಬೀಜದ ತಳಿಯನ್ನು ರೂಪಿಸಿದ ಸಸ್ಯ ವಿಜ್ಞಾನಿ. ಅವರನ್ನು ನಾವು ನೋಡಿರುವುದಿಲ್ಲ, ಅವರ ಹೆಸರನ್ನೂ ಕೇಳಿರುವುದಿಲ್ಲ. ಬನ್ನಿ, ಅವರು ಮಾಡುವ ಕೆಲಸ ಏನೆಂದು ತಿಳಿಯೋಣ. ಆ ಕೆಲಸಕ್ಕೆ ಹಣ ಯಾರು ಕೊಡಬೇಕು, ಏಕೆ ಕೊಡಬೇಕು ಎಂಬುದನ್ನೂ ಯೋಚಿಸೋಣ.

ದೂರದಿಂದ ಬಂದ ಧಾನ್ಯ

ರಾಗಿ ನಮ್ಮದೇ ನೆಲದ ಧಾನ್ಯ ಎಂದು ನಾವೆಲ್ಲ ಭಾವಿಸುತ್ತೇವೆ. ಆದರೆ ಅದರ ತವರು ಆಫ್ರಿಕ. ಇಂದಿನ ಇಥಿಯೋಪಿಯ, ಉಗಾಂಡ ದೇಶಗಳ ಎತ್ತರದ ಪ್ರದೇಶಗಳಲ್ಲಿ ಸಾವಿರಾರು ವರ್ಷಗಳ ಹಿಂದೆ ಜನ ಕಾಡುಹುಲ್ಲೊಂದನ್ನು ಪಳಗಿಸಿ ರಾಗಿ ಬೆಳೆಯತೊಡಗಿದರು. ಅಲ್ಲಿಂದ ಅದು ಬಹಳ ಹಿಂದೆಯೇ ಭಾರತಕ್ಕೆ ಬಂದಿತು. ನಮ್ಮ ಒಣ ಭೂಮಿಗೆ, ಕೆಂಪು ಮಣ್ಣಿಗೆ ಹೊಂದಿಕೊಂಡಿತು. ಇಂದು ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ಕರ್ನಾಟಕವೇ.

ಮೊದಮೊದಲು ರೈತರೇ ಸಸ್ಯ ವಿಜ್ಞಾನಿಗಳು. ಹೊಲದಲ್ಲಿ ಒಳ್ಳೆಯ ತೆನೆ ಕಂಡರೆ ಅದನ್ನು ಬೇರೆಯಾಗಿ ಕೊಯ್ದು, ಮುಂದಿನ ವರ್ಷದ ಬಿತ್ತನೆಗೆಂದು ತೆಗೆದಿಡುತ್ತಿದ್ದರು. ಹೀಗೆ ಊರೂರಿಗೂ ನಾಡ ತಳಿಗಳು ಹುಟ್ಟಿಕೊಂಡವು. ಇದು ಒಳ್ಳೆಯ ಕೆಲಸ. ಆದರೆ ಒಬ್ಬ ರೈತ ತನ್ನ ಹೊಲದಲ್ಲಿ ಇರುವ ತೆನೆಗಳಲ್ಲಿ ಮಾತ್ರ ಆಯ್ದುಕೊಳ್ಳಬಲ್ಲ. ಇಲ್ಲದ ಗುಣವನ್ನು ಎಲ್ಲಿಂದ ತರುವುದು?

ಆಗಿನ ಮೈಸೂರು ಸಂಸ್ಥಾನದಲ್ಲಿ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾಗಿದ್ದವರು ಕೆನಡಾ ದೇಶದ ಲೆಸ್ಲಿ ಕೋಲ್ಮನ್. ಅವರ ಕಾಲದಲ್ಲಿ, 1913ರ ಹೊತ್ತಿಗೆ, ರಾಗಿಯ ಮೇಲೆ ಕ್ರಮಬದ್ಧ ಸಂಶೋಧನೆ ಶುರುವಾಯಿತು. ಬೇರೆ ಬೇರೆ ಕಡೆಯ ರಾಗಿಯನ್ನು ತರಿಸಿ, ಬೆಳೆಸಿ, ಅಳೆದು, ಹೋಲಿಸಿ ನೋಡಿದರು. 1918ರಲ್ಲಿ 'ಎಚ್-22' ಎಂಬ ಸುಧಾರಿತ ತಳಿ ಹೊರಬಂದಿತು.

ಹೂವೇ ಕಾಣದ ಬೆಳೆ

ಒಂದು ತಳಿಯ ಒಳ್ಳೆಯ ಗುಣವನ್ನು ಇನ್ನೊಂದು ತಳಿಗೆ ಸೇರಿಸಬೇಕಾದರೆ ಏನು ಮಾಡಬೇಕು? ಒಂದರ ಪರಾಗವನ್ನು ಇನ್ನೊಂದರ ಹೂವಿನ ಶಲಾಕೆಗೆ ಮುಟ್ಟಿಸಬೇಕು. ಇದಕ್ಕೆ ಸಂಕರಣ ಎನ್ನುತ್ತಾರೆ. ದಾಸವಾಳದ ಹೂವಿನಲ್ಲಿ ಇದು ಸುಲಭ. ಹೂ ದೊಡ್ಡದು, ಕೇಸರಗಳು ಕಣ್ಣಿಗೆ ಕಾಣುತ್ತವೆ.

ರಾಗಿಯ ಹೂವನ್ನು ನೀವು ನೋಡಿದ್ದೀರಾ? "ರಾಗಿಗೆ ಹೂವೇ ಇಲ್ಲವಲ್ಲ!" ಎನ್ನಬಹುದು. ಇದೆ. ಬೆರಳಿನಂತಿರುವ ತೆನೆಯ ಕಡ್ಡಿಗಳಲ್ಲಿ ಹೂಗಳು ಒತ್ತೊತ್ತಾಗಿ ಅಡಗಿರುತ್ತವೆ. ಪ್ರತಿ ಹೂವಿನಲ್ಲಿ ಮೂರು ಕೇಸರಗಳು. ಪರಾಗದ ಚೀಲ ಒಂದು ಮಿಲಿಮೀಟರಿಗಿಂತಲೂ ಚಿಕ್ಕದು. ಅಷ್ಟೇ ಅಲ್ಲ, ಈ ಹೂ ಬಿರಿಯುವುದು ನಡುರಾತ್ರಿ ಕಳೆದ ಮೇಲೆ, ಸುಮಾರು 1 ಗಂಟೆಯಿಂದ 5 ಗಂಟೆಯೊಳಗೆ. ನಾವು ಗಾಢ ನಿದ್ದೆಯಲ್ಲಿರುವಾಗ ರಾಗಿ ಹೂ ಬಿಡುತ್ತದೆ! ಬಿರಿಯುವ ಹೊತ್ತಿಗೇ ಅದರ ಪರಾಗ ಅದರದೇ ಶಲಾಕೆಯ ಮೇಲೆ ಬಿದ್ದುಬಿಡುತ್ತದೆ. ಇದು ಸ್ವಕೀಯ ಪರಾಗಸ್ಪರ್ಶ. ಬೇರೆ ಗಿಡದ ಪರಾಗಕ್ಕೆ ಅವಕಾಶವೇ ಬಹಳ ಕಡಿಮೆ.

ಹಾಗಾದರೆ ಸಂಕರಣ ಹೇಗೆ? ವಿಜ್ಞಾನಿಗಳು ಒಂದು ಸರಳ ಉಪಾಯ ಕಂಡುಕೊಂಡರು. ಹಸಿರು ಬಣ್ಣದ ಗಿಡವನ್ನು ತಾಯಿ ಎಂದು ಆರಿಸಿದರು. ಗೆಣ್ಣುಗಳಲ್ಲಿ ನೇರಳೆ ಬಣ್ಣವಿರುವ ಗಿಡವನ್ನು ತಂದೆ ಎಂದು ಆರಿಸಿದರು. ಹೂ ಬಿರಿಯುವ ಮೊದಲೇ ಎರಡರ ತೆನೆಗಳನ್ನು ಒಂದಕ್ಕೊಂದು ತಾಗುವಂತೆ ಸೇರಿಸಿ ಕಟ್ಟಿದರು. ಸಾವಿರ ಹೂಗಳಲ್ಲಿ ಕೆಲವಕ್ಕಾದರೂ ಪಕ್ಕದ ತೆನೆಯ ಪರಾಗ ತಾಗಬಹುದಲ್ಲ!

ತಾಯಿ ಗಿಡದ ಕಾಳನ್ನು ಬಿತ್ತಿದಾಗ ಹೆಚ್ಚಿನ ಸಸಿಗಳು ಹಸಿರಾಗಿಯೇ ಬರುತ್ತವೆ. ಅಲ್ಲೊಂದು ಇಲ್ಲೊಂದು ಸಸಿಯಲ್ಲಿ ನೇರಳೆ ಬಣ್ಣ ಕಾಣುತ್ತದೆ. ನೇರಳೆ ಬಣ್ಣ ಪ್ರಬಲ ಗುಣ. ಹಾಗಾದರೆ ಸಂಕರಣದಿಂದ ಹುಟ್ಟಿದ ಸಸಿ ಯಾವುದು? ಸ್ವಲ್ಪ ಯೋಚಿಸಿ, ಆಮೇಲೆ ಮುಂದೆ ಓದಿ.

ಸರಿ, ನೇರಳೆ ಬಣ್ಣದ ಸಸಿಯೇ. ಹಸಿರು ತಾಯಿಯ ಕಾಳಿನಿಂದ ನೇರಳೆ ಸಸಿ ಬರಬೇಕಾದರೆ ತಂದೆಯ ಗುಣ ಸೇರಿರಲೇಬೇಕು.

ಭಾರತ ಮತ್ತು ಆಫ್ರಿಕ ಕೂಡಿದಾಗ

ಮಂಡ್ಯದ ಬಳಿ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರವಿದೆ. ಅಲ್ಲಿ ರಾಗಿಗಾಗಿಯೇ ತಮ್ಮ ಬಾಳನ್ನು ಮುಡಿಪಾಗಿಟ್ಟವರು ಸಿ.ಎಚ್. ಲಕ್ಷ್ಮಣಯ್ಯ. ಜನ ಅವರನ್ನು ಪ್ರೀತಿಯಿಂದ 'ರಾಗಿ ಲಕ್ಷ್ಮಣಯ್ಯ' ಎಂದೂ 'ರಾಗಿ ಬ್ರಹ್ಮ' ಎಂದೂ ಕರೆದರು.

ನಮ್ಮ ನಾಡ ರಾಗಿ ಬೇಗ ಕೊಯ್ಲಿಗೆ ಬರುತ್ತಿತ್ತು, ಇಲ್ಲಿಯ ಮಳೆಗೆ ಹೊಂದುತ್ತಿತ್ತು. ಆದರೆ ತೆನೆ ಸಣ್ಣದು. ಆಫ್ರಿಕದ ರಾಗಿಗೆ ದಪ್ಪ ಕಾಂಡ, ದೊಡ್ಡ ತೆನೆ. ಆದರೆ ಅದು ಕೊಯ್ಲಿಗೆ ಬರುವುದು ತಡ. ಎರಡರ ಒಳ್ಳೆಯ ಗುಣಗಳೂ ಒಂದೇ ಗಿಡದಲ್ಲಿ ಬಂದರೆ? ಇದು ಲಕ್ಷ್ಮಣಯ್ಯನವರ ಯೋಚನೆ. 1960ರ ದಶಕದಲ್ಲಿ ಅವರು ಭಾರತದ ಮತ್ತು ಆಫ್ರಿಕದ ರಾಗಿಗಳ ನಡುವೆ ಸಂಕರಣ ಮಾಡಿದರು. ಹೀಗೆ ಹುಟ್ಟಿದ ತಳಿಗಳಿಗೆ 'ಇಂಡಾಫ್' ಎಂಬ ಹೆಸರು ಬಂತು. ಇಂಡಿಯಾದ 'ಇಂಡ್', ಆಫ್ರಿಕದ 'ಆಫ್' ಸೇರಿ ಇಂಡಾಫ್. 1970ರ ದಶಕದಿಂದ ಇಂಡಾಫ್ ತಳಿಗಳು ಒಂದೊಂದಾಗಿ ರೈತರ ಹೊಲ ಸೇರಿದವು. ನಿಮ್ಮ ಅಜ್ಜ ಇಲ್ಲವೇ ಅಜ್ಜಿ ರಾಗಿ ಬೆಳೆದವರಾಗಿದ್ದರೆ 'ಇಂಡಾಫ್' ಎಂದು ಹೇಳಿ ನೋಡಿ, ಅವರಿಗೆ ಗೊತ್ತಿರಬಹುದು. ಆ ಬಳಿಕದ ವರ್ಷಗಳಲ್ಲಿ ರಾಗಿ ಬೆಳೆಯುವ ಭೂಮಿ ಕಡಿಮೆಯಾಗುತ್ತ ಬಂದರೂ ಎಕರೆಗೆ ಸಿಗುವ ಇಳುವರಿ ಏರುತ್ತ ಹೋಯಿತು.

ಇದು ಒಂದೆರಡು ದಿನದ ಕೆಲಸವಲ್ಲ. ಒಂದು ಹೊಸ ತಳಿಯ ದಾರಿ ಹೀಗಿರುತ್ತದೆ:

1ನೇ ವರ್ಷ: ತಾಯಿ, ತಂದೆ ಗಿಡಗಳನ್ನು ಆರಿಸಿ ಸಂಕರಣ ಮಾಡುವುದು.

2ನೇ ವರ್ಷ: ಸಂಕರ ಸಸಿಗಳನ್ನು ಗುರುತಿಸಿ ಅವುಗಳ ಬೀಜ ಪಡೆಯುವುದು.

3ನೇ ವರ್ಷ: ಆ ಬೀಜದಿಂದ ಸಾವಿರಾರು ಗಿಡ ಬೆಳೆಸುವುದು. ಒಂದು ಎತ್ತರ, ಒಂದು ಕುಳ್ಳ, ಒಂದಕ್ಕೆ ದೊಡ್ಡ ತೆನೆ, ಒಂದಕ್ಕೆ ರೋಗ. ಒಂದು ಇದ್ದಂತೆ ಇನ್ನೊಂದು ಇರುವುದಿಲ್ಲ. ಅವುಗಳಲ್ಲಿ ಒಳ್ಳೆಯದನ್ನು ಆರಿಸುವುದು.

4ರಿಂದ 7ನೇ ವರ್ಷ: ಆರಿಸಿದ್ದನ್ನು ಮತ್ತೆ ಬಿತ್ತಿ, ಮತ್ತೆ ಆರಿಸಿ, ಗುಣಗಳು ನೆಲೆ ನಿಲ್ಲುವಂತೆ ಮಾಡುವುದು.

8ರಿಂದ 10ನೇ ವರ್ಷ: ಬೇರೆ ಬೇರೆ ಊರುಗಳ ಮಣ್ಣಿನಲ್ಲಿ, ಮಳೆಯಲ್ಲಿ ಪರೀಕ್ಷಿಸುವುದು.

11, 12ನೇ ವರ್ಷ: ರೈತರ ಹೊಲದಲ್ಲಿ ಬೆಳೆದು ನೋಡುವುದು, ಬೀಜ ಹೆಚ್ಚಿಸಿ ಬಿಡುಗಡೆ ಮಾಡುವುದು.

ಕೆಲವೊಮ್ಮೆ ವರ್ಷಕ್ಕೆ ಎರಡು ಬೆಳೆ ತೆಗೆದು ಒಂದೆರಡು ವರ್ಷ ಉಳಿಸಬಹುದು. ಆದರೂ ಸುಮಾರು 10 ವರ್ಷ ಬೇಕು. ನೀವು ಒಂದನೇ ತರಗತಿಗೆ ಸೇರಿದ ದಿನ ಮಾಡಿದ ಸಂಕರಣ, ನೀವು ಪಿ.ಯು.ಸಿ. ಓದುವ ಹೊತ್ತಿಗೆ ರೈತನ ಕೈಯಲ್ಲಿ ಬೀಜವಾಗುತ್ತದೆ!

ಕೆಲಸ ಮುಗಿಯಿತೇ?

ಒಳ್ಳೆಯ ತಳಿ ಬಂದಾಯಿತು, ಇನ್ನು ಸಂಶೋಧನೆ ಏಕೆ ಎನ್ನಿಸಬಹುದು. ಇಲ್ಲೇ ನಾವು ಎಡವುವುದು.

ರಾಗಿಗೆ ಬೆಂಕಿ ರೋಗ ಎಂಬ ಕಾಯಿಲೆ ಇದೆ. ಇದು ಒಂದು ಶಿಲೀಂಧ್ರದಿಂದ, ಅಂದರೆ ಬೂಷ್ಟಿನ ಜಾತಿಯ ಜೀವಿಯಿಂದ ಬರುತ್ತದೆ. ಎಲೆಯ ಮೇಲೆ ಕಣ್ಣಿನ ಆಕಾರದ ಚುಕ್ಕೆಗಳು ಮೂಡುತ್ತವೆ. ರೋಗ ತೆನೆಯ ಕುತ್ತಿಗೆಗೆ ಇಳಿದರೆ ಅದು ಕಪ್ಪಾಗಿ, ಕಾಳಿಗೆ ಆಹಾರ ಸಾಗುವುದು ನಿಲ್ಲುತ್ತದೆ. ದೂರದಿಂದ ನೋಡಿದರೆ ತೆನೆ ಇದೆ, ಹತ್ತಿರ ಹೋಗಿ ಉಜ್ಜಿದರೆ ಬರೀ ಜೊಳ್ಳು. ಇಂಡಾಫ್ ತಳಿಗಳಲ್ಲಿ ಕೆಲವು ಈ ರೋಗಕ್ಕೆ ಸುಲಭವಾಗಿ ತುತ್ತಾದವು.

ಆಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣದ ವಿಜ್ಞಾನಿಗಳು ಬೀಜ ಸಂಗ್ರಹದ ಕಡೆ ತಿರುಗಿದರು. ಜಗತ್ತಿನ ಹಲವು ಮೂಲೆಗಳಿಂದ ತಂದ ಸಾವಿರಾರು ಬಗೆಯ ರಾಗಿಯನ್ನು, ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಕಾಪಾಡಿ ಇಡಲಾಗಿತ್ತು. ಅವುಗಳಲ್ಲಿ 'ಐ.ಇ. 1012' ಎಂಬ ಸಂಖ್ಯೆಯ ರಾಗಿ ಬೆಂಕಿ ರೋಗವನ್ನು ಚೆನ್ನಾಗಿ ತಡೆದುಕೊಳ್ಳುತ್ತಿತ್ತು. ಅದನ್ನು ಇಂಡಾಫ್ ತಳಿಗಳೊಡನೆ ಸಂಕರಣ ಮಾಡಿದರು. ಅದರಿಂದ 1990ರ ದಶಕದಲ್ಲಿ ಬಂದ ತಳಿಯೇ 'ಜಿ.ಪಿ.ಯು.-28'. ರೋಗ ತಡೆಯುವ ಶಕ್ತಿ, ಒಳ್ಳೆಯ ಇಳುವರಿ ಎರಡೂ ಇದ್ದುದರಿಂದ ಅದು ರಾಜ್ಯದ ಉದ್ದಗಲಕ್ಕೂ ಹರಡಿತು.

ಗಮನಿಸಿ ಮಕ್ಕಳೇ. ಐ.ಇ. 1012 ಒಂದು ಮೂಲೆಯ ಪೊಟ್ಟಣದಲ್ಲಿ ಕುಳಿತಿದ್ದ ಕಾಲದಲ್ಲಿ ಯಾರಾದರೂ "ಇದರಿಂದ ಏನು ಲಾಭ?" ಎಂದು ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಿತ್ತು. ಲಾಭ ಆಮೇಲೆ ಗೊತ್ತಾಯಿತು. "ಲಾಭ ಕಾಣುತ್ತಿಲ್ಲ" ಎಂದು ಅದನ್ನು ಎಸೆದಿದ್ದರೆ ಜಿ.ಪಿ.ಯು.-28 ಹುಟ್ಟುತ್ತಲೇ ಇರಲಿಲ್ಲ.

ರೋಗದ ಶಿಲೀಂಧ್ರವೂ ಸುಮ್ಮನಿರುವುದಿಲ್ಲ. ಅದೂ ಬದಲಾಗುತ್ತದೆ. ಇಂದು ರೋಗ ತಡೆಯುವ ತಳಿ ನಾಳೆ ತಡೆಯದೆ ಹೋಗಬಹುದು. ಮಳೆಯ ಕಾಲವೂ ಬದಲಾಗುತ್ತಿದೆ. ಆದ್ದರಿಂದ ಸಸ್ಯ ಸಂಶೋಧನೆ ಮನೆಯ ಮಾಡು ಹೊದೆಸುವ ಕೆಲಸದಂತೆ. ಒಮ್ಮೆ ಹೊದೆಸಿದರೆ ಮುಗಿಯಲಿಲ್ಲ, ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ನೋಡುತ್ತಿರಬೇಕು.

ಹಸಿವಿನ ನಡುವೆ ಬೀಜ ಕಾದವರು

ಬೀಜ ಸಂಗ್ರಹಕ್ಕೆ ಎಷ್ಟು ಬೆಲೆ ಕೊಡಬಹುದು ಎಂಬುದಕ್ಕೆ ರಷ್ಯದ ಒಂದು ಘಟನೆ ಕೇಳಿ. ನಿಕೊಲಾಯ್ ವಾವಿಲೋವ್ ಎಂಬ ವಿಜ್ಞಾನಿ ಹಲವು ಖಂಡಗಳನ್ನು ಸುತ್ತಿ ಬೀಜಗಳನ್ನು ತಂದು ಲೆನಿನ್‌ಗ್ರಾಡ್ ನಗರದ ಸಂಸ್ಥೆಯಲ್ಲಿ ಸಂಗ್ರಹಿಸಿದ್ದರು. ಎರಡನೆಯ ಮಹಾಯುದ್ಧದಲ್ಲಿ, 1941ರ ಸೆಪ್ಟೆಂಬರಿನಿಂದ 1944ರ ಜನವರಿವರೆಗೆ, ಶತ್ರು ಸೇನೆ ಆ ನಗರಕ್ಕೆ ಮುತ್ತಿಗೆ ಹಾಕಿತು. ಊಟವಿಲ್ಲದೆ ಲಕ್ಷಾಂತರ ಜನ ಸತ್ತರು. ಸಂಸ್ಥೆಯ ವಿಜ್ಞಾನಿಗಳ ಸುತ್ತ ಅಕ್ಕಿ, ಗೋಧಿ, ಕಾಳುಗಳ ಪೊಟ್ಟಣಗಳಿದ್ದವು. ಅವರು ಅದನ್ನು ತಿನ್ನಲಿಲ್ಲ. ಅವರಲ್ಲಿ ಹಲವರು ಹಸಿವಿನಿಂದ ಪ್ರಾಣ ಬಿಟ್ಟರು. ಭತ್ತದ ಸಂಗ್ರಹ ಕಾಯುತ್ತಿದ್ದ ದ್ಮಿತ್ರಿ ಇವಾನೋವ್ ಕೂಡ ಅವರಲ್ಲೊಬ್ಬರು. ಇತ್ತ ವಾವಿಲೋವ್ ಅವರನ್ನು ಅವರದೇ ಸರಕಾರ 1940ರಲ್ಲಿ ಬಂಧಿಸಿತ್ತು. ಅವರು 1943ರಲ್ಲಿ ಸೆರೆಮನೆಯಲ್ಲೇ ತೀರಿಕೊಂಡರು. ಬೀಜಗಳು ಉಳಿದವು.

ನಮ್ಮ ದೇಶದಲ್ಲಿಯೂ ದೆಹಲಿಯಲ್ಲಿ ರಾಷ್ಟ್ರೀಯ ಬೀಜ ಭಂಡಾರವಿದೆ. ಅಲ್ಲಿ 4 ಲಕ್ಷಕ್ಕೂ ಹೆಚ್ಚು ಬೀಜ ಮಾದರಿಗಳನ್ನು ಕಡು ತಣ್ಣನೆಯ ಕೋಣೆಗಳಲ್ಲಿ ಕಾಪಾಡಲಾಗುತ್ತಿದೆ.

ಹಣ ಯಾರು ಕೊಡಬೇಕು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಇಷ್ಟೆಲ್ಲ ಕೆಲಸಕ್ಕೆ ಹಣ ಬೇಕು. ಹೊಲ ಬೇಕು, ನೀರು ಬೇಕು, ಬೀಜ ಇಡಲು ತಣ್ಣನೆಯ ಕೋಣೆ, ಅದಕ್ಕೆ ವಿದ್ಯುತ್ ಬೇಕು. ಕಳೆ ತೆಗೆಯುವವರಿಗೆ, ತೆನೆ ಎಣಿಸುವವರಿಗೆ, ವಿಜ್ಞಾನಿಗಳಿಗೆ ಸಂಬಳ ಬೇಕು.

"ಬೀಜ ಮಾರುವ ಕಂಪನಿಗಳೇ ಮಾಡಲಿ" ಎನ್ನಬಹುದು. ಕೆಲವು ಬೆಳೆಗಳಲ್ಲಿ ಕಂಪನಿಗಳು ಸಂಶೋಧನೆ ಮಾಡುತ್ತವೆ. ಉದಾಹರಣೆಗೆ ಸಂಕರ ಮುಸುಕಿನ ಜೋಳ. ಅದರ ಬೀಜವನ್ನು ರೈತರು ಪ್ರತಿ ವರ್ಷ ಹೊಸದಾಗಿ ಕೊಳ್ಳಬೇಕು. ಆದರೆ ರಾಗಿ? ಅದು ಸ್ವಕೀಯ ಪರಾಗಸ್ಪರ್ಶದ ಬೆಳೆ ಎಂದು ಆಗಲೇ ಓದಿದಿರಿ. ಮಗು ಗಿಡ ತಾಯಿಯ ಹಾಗೆಯೇ ಇರುತ್ತದೆ. ಒಮ್ಮೆ ಬೀಜ ಕೊಂಡ ರೈತ ಮುಂದಿನ ಕೆಲವು ವರ್ಷ ತನ್ನ ಬೆಳೆಯಿಂದಲೇ ಬೀಜ ತೆಗೆದಿಟ್ಟುಕೊಳ್ಳಬಹುದು, ನೆರೆಯವರಿಗೂ ಕೊಡಬಹುದು. ಇದು ರೈತರಿಗೆ ಬಹಳ ಒಳ್ಳೆಯದು. ಆದರೆ ಬೀಜ ಮಾರಿ ಲಾಭ ಪಡೆಯುವವರಿಗೆ ಇದರಲ್ಲಿ ಹೆಚ್ಚು ಆಸೆ ಇರುವುದಿಲ್ಲ. ಹಾಗಾಗಿ ರಾಗಿ, ಸಾಮೆ, ನವಣೆಯಂಥ ಬೆಳೆಗಳ ಸಂಶೋಧನೆಯನ್ನು ಸಾರ್ವಜನಿಕ ಹಣದಿಂದ, ಅಂದರೆ ನಮ್ಮೆಲ್ಲರ ಹಣದಿಂದಲೇ ಮಾಡಬೇಕು. ನಿಮ್ಮ ಮನೆಯವರು ಅಂಗಡಿಯಲ್ಲಿ ಸೋಪು ಕೊಂಡಾಗಲೂ ಅದರ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಆ ತೆರಿಗೆಯ ಒಂದು ಸಣ್ಣ ಪಾಲು ರಾಗಿ ಹೊಲದ ವಿಜ್ಞಾನಕ್ಕೂ ಹೋಗುತ್ತದೆ.

ನಿಮ್ಮಲ್ಲಿ ಯಾರಾದರೂ ಹೀಗೆ ಕೇಳಬಹುದು: "ನಮ್ಮ ಶಾಲೆಯ ಮಾಡು ಸೋರುತ್ತಿದೆ. ಊರಿಗೆ ಆಸ್ಪತ್ರೆ ಬೇಕು. ಅದಕ್ಕೇ ಹಣ ಸಾಲದು. ಹೀಗಿರುವಾಗ ಗಿಡಗಳ ಸಂಶೋಧನೆಗೆ ಏಕೆ ಕೊಡಬೇಕು?" ಇದು ನ್ಯಾಯವಾದ ಪ್ರಶ್ನೆ. ಶಾಲೆಯೂ ಬೇಕು, ಆಸ್ಪತ್ರೆಯೂ ಬೇಕು. ಆದರೆ ಒಂದು ವ್ಯತ್ಯಾಸ ನೋಡಿ. ಮಾಡು ಸೋರಿದರೆ ಅಂದೇ ಎಲ್ಲರಿಗೂ ಕಾಣುತ್ತದೆ. ಈ ವರ್ಷ ದುರಸ್ತಿ ಆಗದಿದ್ದರೆ ಮುಂದಿನ ವರ್ಷವಾದರೂ ಮಾಡಬಹುದು. ಸಂಶೋಧನೆಗೆ ಹಣ ನಿಂತರೆ ಅಂದು ಯಾರಿಗೂ ಏನೂ ಕಾಣುವುದಿಲ್ಲ. ಮುದ್ದೆ ಎಂದಿನಂತೆ ತಟ್ಟೆಗೆ ಬರುತ್ತದೆ. ಆದರೆ ಐದನೇ ವರ್ಷದ ಬೀಜವನ್ನು ಆ ಮುಂಗಾರಿನಲ್ಲಿ ಬಿತ್ತದಿದ್ದರೆ ಆ ಮುಂಗಾರು ಮತ್ತೆ ಸಿಗದು. ಕೋಣೆಯ ಬೀಜಗಳನ್ನು ಆಗಾಗ ಬಿತ್ತಿ ಹೊಸದು ಮಾಡದಿದ್ದರೆ ಅವು ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ಸತ್ತ ಬೀಜವನ್ನು ಎಷ್ಟು ಹಣ ಕೊಟ್ಟರೂ ಬದುಕಿಸಲಾಗದು. ಹತ್ತು ವರ್ಷದ ಬಳಿಕ ಹೊಸ ರೋಗ ಬಂದಾಗ ನಾವು ಕೈ ಚಾಚಿದರೆ ಅಲ್ಲಿ ಪೊಟ್ಟಣ ಮಾತ್ರ ಇರುತ್ತದೆ.

ರಾಗಿ ಹಿಂದೆ ಉಳಿದ ಕಥೆ

ಜೀವಿಯ ಎಲ್ಲ ಗುಣಗಳ ಮಾಹಿತಿ ಅದರ ಜೀವಕೋಶದೊಳಗೆ ಬರೆದಿಟ್ಟಂತೆ ಇರುತ್ತದೆ. ಇದಕ್ಕೆ ಜೀನೋಮ್ ಎನ್ನುತ್ತಾರೆ. ಇದನ್ನು ಓದಿದರೆ ರೋಗ ತಡೆಯುವ ಗುಣ, ಬರ ತಾಳುವ ಗುಣ ಎಲ್ಲಿದೆ ಎಂದು ಹುಡುಕುವುದು ಸುಲಭ. ಭಾರತವೂ ಸೇರಿ 10 ದೇಶಗಳು ಕೂಡಿ ದುಡಿದು, 2005ರಲ್ಲಿ ಭತ್ತದ ಜೀನೋಮ್ ಓದಿ ಮುಗಿಸಿದವು. ರಾಗಿಯ ಸರದಿ ಬಂದದ್ದು ಯಾವಾಗ? 2017ರಲ್ಲಿ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳ ತಂಡ 'ಎಂ.ಎಲ್.-365' ಎಂಬ ರಾಗಿ ತಳಿಯ ಜೀನೋಮ್ ವಿವರಗಳನ್ನು ಆ ವರ್ಷ ಪ್ರಕಟಿಸಿತು.

ನಡುವೆ 12 ವರ್ಷಗಳ ಅಂತರ! ರಾಗಿ ಕಡಿಮೆ ಪುಷ್ಟಿಯ ಧಾನ್ಯವೆಂದು ಹೀಗಾಯಿತೇ? ಅಲ್ಲ. ಒಣಭೂಮಿಯ, ಸಣ್ಣ ರೈತರ ಬೆಳೆಗೆ ಜಗತ್ತಿನ ಗಮನ ಹೋದದ್ದು ತಡವಾಗಿ. ಭಾರತದ ಸಲಹೆಯಂತೆ ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಒಂದು ವರ್ಷದ ಆಚರಣೆ ಒಳ್ಳೆಯದೇ. ಆದರೆ ಒಂದು ತಳಿಗೆ ಬೇಕಾದ ವರ್ಷಗಳು ಎಷ್ಟು ಎಂದು ನಿಮಗೆ ಈಗ ಗೊತ್ತು.

ನೀವೇನು ಮಾಡಬಹುದು?

ನಿಮ್ಮ ಕೈಯಲ್ಲಿ ಹಣವಿಲ್ಲ, ನಿಜ. ಆದರೆ ಬೆಲೆ ಕೊಡುವುದೆಂದರೆ ಹಣ ಕೊಡುವುದಷ್ಟೇ ಅಲ್ಲ. ನಿಮ್ಮ ಊರಿನ ಹಿರಿಯರು ಹಿಂದೆ ಬೆಳೆಯುತ್ತಿದ್ದ ರಾಗಿಯ ಹೆಸರುಗಳನ್ನು ಕೇಳಿ ಬರೆದಿಟ್ಟುಕೊಳ್ಳಿ. ಹೊಲದಲ್ಲಿ ಬೇರೆ ರೀತಿಯ ತೆನೆ ಕಂಡರೆ ಗಮನಿಸಿ. ಹತ್ತಿರದಲ್ಲಿ ಕೃಷಿ ಮೇಳ ನಡೆದರೆ ದೊಡ್ಡವರ ಜೊತೆ ಹೋಗಿ, ಅಲ್ಲಿಯ ವಿಜ್ಞಾನಿಗಳನ್ನು ಪ್ರಶ್ನೆ ಕೇಳಿ. ಮುಂದೆ ನೀವು ಮತ ಹಾಕುವ, ತೆರಿಗೆ ಕೊಡುವ ನಾಗರಿಕರಾಗುತ್ತೀರಿ. ಆಗ "ಗಿಡಗಳ ಸಂಶೋಧನೆಗೆ ಏನು ಕೊಟ್ಟಿರಿ?" ಎಂದು ಕೇಳಲು ನೆನಪಿಡಿ. ನಿಮ್ಮಲ್ಲೇ ಒಬ್ಬರು ನಸುಕಿನಲ್ಲೆದ್ದು ರಾಗಿ ಹೂ ನೋಡುವ ವಿಜ್ಞಾನಿಯೂ ಆಗಬಹುದು.

ಮಾಡಿ ನೋಡಿ

ಬೇಕಾದ ವಸ್ತುಗಳು: ಈ ವರ್ಷದ ರಾಗಿ, ಹಲವು ವರ್ಷ ಹಳೆಯದಾದ ರಾಗಿ, ಹತ್ತಿ ಬಟ್ಟೆಯ ಎರಡು ತುಂಡು, ಎರಡು ತಟ್ಟೆ, ನೀರು.

ವಿಧಾನ: ಬಟ್ಟೆಯನ್ನು ಒದ್ದೆ ಮಾಡಿ ತಟ್ಟೆಯಲ್ಲಿ ಹರಡಿ. ಒಂದರ ಮೇಲೆ ಹೊಸ ರಾಗಿಯ 100 ಕಾಳು, ಇನ್ನೊಂದರ ಮೇಲೆ ಹಳೆಯ ರಾಗಿಯ 100 ಕಾಳು ಇಡಿ. ಬಟ್ಟೆ ಒಣಗದಂತೆ ದಿನವೂ ನೀರು ಚಿಮುಕಿಸಿ. ಐದು ದಿನಗಳ ಬಳಿಕ ಮೊಳೆತ ಕಾಳುಗಳನ್ನು ಎಣಿಸಿ. ಎರಡೂ ಸಂಖ್ಯೆಗಳನ್ನು ಹೋಲಿಸಿ. ಬೀಜ ಭಂಡಾರದವರು ಬೀಜಗಳನ್ನು ತಣ್ಣಗೆ ಇಡುವುದು ಏಕೆ, ಆಗಾಗ ಮತ್ತೆ ಬಿತ್ತುವುದು ಏಕೆ ಎಂದು ಗೆಳೆಯರೊಡನೆ ಚರ್ಚಿಸಿ.

ಉತ್ತರಿಸಿ

1. ರಾಗಿಯಲ್ಲಿ ಸಂಕರಣ ಮಾಡುವುದು ಕಷ್ಟ ಏಕೆ? ಎರಡು ಕಾರಣ ಕೊಡಿ.

2. 'ಇಂಡಾಫ್' ಎಂಬ ಹೆಸರು ಹೇಗೆ ಬಂತು?

3. ಹಸಿರು ತಾಯಿ ಗಿಡದ 200 ಕಾಳು ಬಿತ್ತಿದಾಗ 6 ನೇರಳೆ ಸಸಿ ಬಂದವು. ಇದರಿಂದ ಏನು ತಿಳಿಯುತ್ತದೆ?

4. ರಾಗಿ ಸಂಶೋಧನೆಗೆ ಸಾರ್ವಜನಿಕ ಹಣ ಏಕೆ ಬೇಕು? ನಿಮ್ಮ ಮಾತಿನಲ್ಲಿ ಬರೆಯಿರಿ.

5. ನಿಮ್ಮ ಊರಿನ ಮುಖ್ಯ ಬೆಳೆ ಯಾವುದು? ಅದರ ತಳಿಯ ಹೆಸರೇನು? ರೈತರನ್ನು ಕೇಳಿ ತಿಳಿಯಿರಿ.